ಇಪ್ಪತ್ತೇಳನೆಯ ಪ್ರಶ್ನೆ

ಎರಡನೆಯ ಮಹಡಿಯ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಮಂಡಿನೋವು ಎಂದು ತನಗೆ ತಾನೇ ಹೇಳಿಕೊಂಡಳಾದರೂ ಮಂಡಿ ಅಂಥದ್ದೇನೂ ನೋಯುತ್ತಿರಲಿಲ್ಲ. ಮೇಲೆ ಯಾರೋ ತುಂಬಿದ ಬಕೆಟ್ಟನ್ನು ಒಂದೊಂದೇ ಮೆಟ್ಟಿಲು ದಾಟಿಸುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಒಂದು ಸದ್ದು, ಆಮೇಲೆ ಒಂದು ಏದುಸಿರು, ಆಮೇಲೆ ಸುಮ್ಮನೆ. ಗೋಡೆಗೆ ಹಚ್ಚಿದ್ದ ಹಸಿರು ಬಣ್ಣ ಕೈ ಎಟುಕುವಷ್ಟು ಎತ್ತರಕ್ಕೆ ಸವೆದುಹೋಗಿ ಅದರಡಿಯ ಹಳೆಯ ಹಳದಿ ಕಾಣುತ್ತಿತ್ತು. ಇಷ್ಟು ಜನ ಇಷ್ಟು ವರ್ಷ ಗೋಡೆ ಹಿಡಿದುಕೊಂಡೇ ಹತ್ತಿದ್ದಾರೆ. ಅವಳ ಚೀಲದಲ್ಲಿ ಇದ್ದದ್ದು ಒಂದೇ ಒಂದು ಫಾರಂ. ಆರುನೂರ ನಲವತ್ತು ಫಾರಂಗಳಲ್ಲಿ ಇದೊಂದರಲ್ಲಿ ಇಪ್ಪತ್ತೇಳನೆಯ ಪ್ರಶ್ನೆಯ ಎದುರಿನ ಎರಡು ಚೌಕಗಳೂ ಖಾಲಿ ಉಳಿದಿದ್ದವು. ಕೇಳಲು ಹೋದ ಹುಡುಗಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: ‘ಅತ್ತರು. ಮುಂದೆ ಕೇಳಲಿಲ್ಲ.’ ಒಂದು ಫಾರಂ ಇಲ್ಲದಿದ್ದರೆ ಲೆಕ್ಕ ಬೀಳುವುದಿಲ್ಲ, ಬಿಟ್ಟುಬಿಡಿ ಎಂದಿದ್ದರು ಸಂಸ್ಥೆಯ ನಿರ್ದೇಶಕರು. ಮಧ್ಯಾಹ್ನ ಮೂರಕ್ಕೆ ಇಲಾಖೆಯಲ್ಲಿ ಸಭೆ. ಹೀಗಿರುವಾಗ ಬೆಳಗ್ಗೆ ಹತ್ತು ಗಂಟೆಗೆ, ಯಾರಿಗೂ ಹೇಳದೆ, ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಳು. ಆಫೀಸಿನಲ್ಲಿ ಕೂರಲಾಗಲಿಲ್ಲ, ಅಷ್ಟೆ.

ಸರ್ಕಾರಿ ಯೋಜನೆಗಳನ್ನು ಅಳೆದು ನೋಡುವ ಆ ಸಂಸ್ಥೆಯಲ್ಲಿ ಅವಳಿಗೆ ‘ಪಟ್ಟಿ ಮೇಡಂ’ ಎಂದು ಹೆಸರು. ಏನೇ ಕೇಳಿದರೂ ಒಂದು ಪಟ್ಟಿ ತೆಗೆದು ಮುಂದಿಡುತ್ತಾಳೆ ಎಂದು ಹಿಂದಿನಿಂದ ನಗುತ್ತಾರೆಂಬುದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಮೂರು ವರ್ಷದ ಹಿಂದೆ ಇಲಾಖೆಯವರು, ಬದುಕಿನ ಜೊತೆ ಹೇಗೋ ಏಗುತ್ತಿರುವ, ಚಿಕ್ಕ ಮಕ್ಕಳಿರುವ ಮನೆಗಳಿಗೆ ವಾರಕ್ಕೊಮ್ಮೆ ಒಬ್ಬ ಸಹಾಯಕಿಯನ್ನು ಕಳಿಸುವ ಯೋಜನೆ ಶುರುಮಾಡಿದಾಗ, ಅದರಿಂದ ಏನಾದರೂ ಉಪಯೋಗವಾಗುತ್ತದೆಯೇ ನೋಡಿ ಹೇಳಿ ಎಂದು ಸಂಸ್ಥೆಗೆ ವಹಿಸಿದ್ದರು. ಎಲ್ಲರಿಗೂ ಕಳಿಸುವಷ್ಟು ಸಹಾಯಕಿಯರಿರಲಿಲ್ಲ. ಅರ್ಧ ಮನೆಗಳಿಗೆ ಭೇಟಿ, ಅರ್ಧ ಮನೆಗಳಿಗೆ ಇಲ್ಲ. ಯಾರಿಗೆ ಹೌದು ಯಾರಿಗೆ ಇಲ್ಲ ಎಂದು ತೀರ್ಮಾನಿಸಲು ಚೀಟಿ ಎತ್ತಿದವಳು ಅವಳೇ. ಒಂದು ರಟ್ಟಿನ ಪೆಟ್ಟಿಗೆಯೊಳಗೆ ಕೈ ಹಾಕಿ, ಯಾರ ಮೇಲೂ ಪಕ್ಷಪಾತವಿಲ್ಲದ ಆ ಕೈಯನ್ನು ತಾನೇ ಮೆಚ್ಚಿಕೊಳ್ಳುತ್ತ, ಮುನ್ನೂರಿಪ್ಪತ್ತು ಸಲ. ಚೀಟಿ ಎತ್ತುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಎಲ್ಲ ಮನೆಗಳಿಗೂ ಹೋಗಿ ಅದೇ ಐವತ್ತು ಪ್ರಶ್ನೆ. ಅವುಗಳಲ್ಲಿ ಇಪ್ಪತ್ತೇಳನೆಯದು ಅವಳದೇ ಸ್ವಂತದ್ದು. ಆರು ಸಲ ತಿದ್ದಿ, ಒಂದೊಂದು ಪದವನ್ನೂ ತೂಗಿ ಬರೆದದ್ದು. ಮನೆಯೊಂದರ ನಿಜಸ್ಥಿತಿ ತಿಳಿಯಲು ಈ ಒಂದು ಪ್ರಶ್ನೆ ಸಾಕು ಎಂದು ಅವಳು ನಂಬಿದ್ದಳು. ಈಗ ಮೂರನೆಯ ವರ್ಷದ ಎಣಿಕೆ ಮುಗಿದಿತ್ತು. ಸಹಾಯಕಿ ಹೋಗದ ಮನೆಗಳಲ್ಲಿ ಆ ಪ್ರಶ್ನೆಗೆ ‘ಹೌದು, ಕೈಲಾಗುತ್ತಿಲ್ಲ’ ಎಂದವರು ಮೊದಲಿದ್ದಷ್ಟೇ ಕಡಿಮೆ. ಸಹಾಯಕಿ ಹೋದ ಮನೆಗಳಲ್ಲಿ ಮೊದಲಿಗಿಂತ ಮೂರು ಪಟ್ಟು ಹೆಚ್ಚು. ಅಂದರೆ ಸಹಾಯ ಸಿಕ್ಕವರೇ ಕುಸಿದಿದ್ದಾರೆ. ವರದಿಯ ಕೊನೆಯ ಪುಟದಲ್ಲಿ ಅವಳು ಬರೆದಿದ್ದಳು: ‘ಭೇಟಿಗಳಿಂದ ಕುಟುಂಬಗಳ ಸ್ವಂತ ಶಕ್ತಿಯ ಮೇಲಿನ ವಿಶ್ವಾಸ ಕುಗ್ಗಿರುವಂತೆ ಕಂಡುಬರುತ್ತದೆ.’ ವಾಕ್ಯ ಚೆನ್ನಾಗಿತ್ತು. ನಿರ್ದೇಶಕರು ಅದರಡಿ ಗೆರೆ ಎಳೆದು ‘ಇದೇ ಬೇಕಾಗಿದ್ದು’ ಎಂದು ಬರೆದು ಕಳಿಸಿದ್ದರು. ಆ ಗೆರೆ ನೋಡಿದ ದಿನದಿಂದ ಅವಳಿಗೆ ಊಟದ ರುಚಿ ಹತ್ತುತ್ತಿರಲಿಲ್ಲ.

ಬಾಗಿಲು ತೆಗೆದವಳು ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಮನೆಯಲ್ಲೇ ಹೊಲಿಗೆ ಮಾಡುವವಳು ಎಂದು ಫಾರಂನಲ್ಲಿತ್ತು. ಇದ್ದದ್ದು ಒಂದೇ ಕೋಣೆ. ಅದರ ಮುಕ್ಕಾಲು ಪಾಲು ಹೊಲಿಗೆ ಯಂತ್ರ, ಕತ್ತರಿಸಿಟ್ಟ ನೀಲಿ ಬಟ್ಟೆಯ ರಾಶಿ, ಮಡಿಸಿ ಗೋಡೆಗೊರಗಿಸಿದ ಹಾಸಿಗೆ. ಯಂತ್ರದ ಕೆಳಗೆ, ಪೆಡಲಿನ ಪಕ್ಕ, ಮೂರು ವರ್ಷದ ಹೆಣ್ಣು ಮಗು ಚಿಂದಿಗಳನ್ನು ಬಣ್ಣಬಣ್ಣ ಬೇರೆಮಾಡಿ ಒಂದು ಸಂಸಾರ ಹೂಡಿಕೊಂಡು ಕೂತಿತ್ತು. ದೊಡ್ಡವಳು ಸ್ಕೂಲಿಗೆ ಹೋಗಿದ್ದಳು.

“ಆವತ್ತೇ ಬಂದು ಎಲ್ಲ ಕೇಳ್ಕೊಂಡ್ ಹೋದ್ರಲ್ಲ, ನಿಮ್ಮ ಕಡೆ ಹುಡುಗಿ,” ಎಂದಳು ಹೊಲಿಗೆಯವಳು, ಸೂಜಿಗಳನ್ನು ತೆಗೆದು ಅಂಗಿಯ ತೋಳಿಗೆ ಚುಚ್ಚಿಕೊಳ್ಳುತ್ತ.

“ಒಂದು ಪ್ರಶ್ನೆ ಉಳಿದುಹೋಗಿದೆ. ಐದು ನಿಮಿಷ ಸಾಕು.”

“ಕೂತ್ಕೊಳ್ಳಿ. ಅಲ್ಲಿ ಬೇಡ, ಅಲ್ಲಿ ಪಿನ್ನಿದೆ.”

ಕೂತಳು. ಫಾರಂ ತೆಗೆದಳು. ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳು ಬಾಯಿಬಿಟ್ಟು ಯಾರನ್ನೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಕೇಳುವುದಕ್ಕೆ ಹುಡುಗಿಯರಿದ್ದರು. ಅವಳು ಗಂಟಲು ಸರಿಮಾಡಿಕೊಂಡು ಓದಿದಳು: “ಕಳೆದ ಮೂವತ್ತು ದಿನಗಳಲ್ಲಿ, ಮಕ್ಕಳ ಪಾಲನೆಯನ್ನು ನಿರ್ವಹಿಸುವುದು ತಮ್ಮಿಂದ ಸಾಧ್ಯವಾಗದು ಎಂದು ತಮಗೆ ಎಂದಾದರೂ ಅನ್ನಿಸಿದ್ದುಂಟೇ?”

ಹೊಲಿಗೆಯವಳು ಅವಳ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು, ಕುಹಕವಿಲ್ಲದ ದಣಿದ ನಗು. “ತಮಗೆ ಅಂದ್ರೆ ನನಗೇ ತಾನೇ? ಯಾರು ಮೇಡಂ ಇದನ್ನ ಬರೆದಿದ್ದು?”

“ಆಫೀಸಲ್ಲಿ ಬರೆದಿದ್ದು,” ಎಂದಳು ಅವಳು. ಹೇಳಿದ ಮರುಕ್ಷಣ ಕಿವಿ ಬಿಸಿಯಾಯಿತು.

“ಮೊದಲನೇ ವರ್ಷ ನಾನು ಏನು ಹೇಳಿದ್ದೆ?”

“ಇಲ್ಲ ಅಂತ.”

“ಸುಳ್ಳು ಅದು,” ಎಂದು ಹೊಲಿಗೆಯವಳು ತಣ್ಣಗೆ ಹೇಳಿ, ಮಡಿಲಲ್ಲಿದ್ದ ನೀಲಿ ತೋಳೊಂದನ್ನು ತಿರುವಿ ನೂಲು ಕೀಳತೊಡಗಿದಳು. “ಇವಳು ಹುಟ್ಟಿ ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಇವರಪ್ಪ ಹೋದವರು ಹೋಗೇ ಬಿಟ್ಟಿದ್ರು. ಆಗ ನಾನು ಇವಳನ್ನ ಎತ್ಕೊಂಡಿದ್ರೆ ಆ ಕಿಟಕಿ ಹತ್ರ ಹೋಗ್ತಿರಲಿಲ್ಲ. ಗೋಡೆ ಹಿಡ್ಕೊಂಡು ಆ ಕಡೆಯಿಂದ ಸುತ್ತಿ ಹೋಗ್ತಿದ್ದೆ. ಯಾಕೆ ಅಂತ ಅರ್ಥ ಆಯ್ತಲ್ಲ ನಿಮಗೆ?”

ಅರ್ಥವಾಗಿತ್ತು. ನಾಲ್ಕನೆಯ ಮಹಡಿ. ಯಂತ್ರದ ಕೆಳಗಿದ್ದ ಮಗು ಒಂದು ಕೆಂಪು ಚಿಂದಿಗೆ ಮಲಗು ಮಲಗು ಎಂದು ಗದರುತ್ತಿತ್ತು.

“ಅಂಥಾ ಹೊತ್ತಲ್ಲಿ ನಿಮ್ಮೋರು ಬಂದು ಫಾರಂ ಹಿಡ್ಕೊಂಡು ಕೇಳಿದ್ರು. ಹೌದು ಅಂದ್ರೆ ಇಲಾಖೆಯೋರು ಮಕ್ಕಳನ್ನ ಕರ್ಕೊಂಡ್ ಹೋಗ್ತಾರೆ ಅಂತ ಈ ಬಿಲ್ಡಿಂಗಲ್ಲಿ ಎಲ್ಲರಿಗೂ ಗೊತ್ತು. ನಿಜಾನೋ ಸುಳ್ಳೋ, ಯಾರಿಗೆ ಗೊತ್ತು? ನಾವೆಲ್ಲ ಮಾತಾಡ್ಕೊಂಡೇ ಇಲ್ಲ ಇಲ್ಲ ಅಂತ ಬರೆಸಿದ್ದು. ಆಮೇಲೆ ಚೀಟೀಲಿ ನನಗೆ ಬಂತು, ಮಂಗಳವಾರದಕ್ಕ ಬರೋಕೆ ಶುರು ಮಾಡಿದ್ರು.”

ಸಹಾಯಕಿಗೆ ಮಕ್ಕಳು ಇಟ್ಟ ಹೆಸರು ಅದು. ಮಂಗಳವಾರ ಬರುವ ಅಕ್ಕ. ಮೊದಲ ನಾಲ್ಕು ವಾರ ಆಕೆ ಏನನ್ನೂ ಕೇಳಲಿಲ್ಲವಂತೆ. ಬಂದು, ಕನ್ನಡಕ ಹಾಕಿಕೊಂಡು, ಗುಂಡಿಗಳನ್ನು ಅಳತೆ ಪ್ರಕಾರ ಡಬ್ಬಿಗಳಿಗೆ ತುಂಬಿಕೊಡುತ್ತ ಕೂರುತ್ತಿದ್ದಳಂತೆ. ತನ್ನ ಸೊಸೆಯ ಬಗ್ಗೆ ಚಾಡಿ ಹೇಳುತ್ತಿದ್ದಳಂತೆ. ಇಂಥವರನ್ನೂ ಸಂಬಳ ಕೊಟ್ಟು ಕಳಿಸುತ್ತಾರಲ್ಲ ಎಂದು ಹೊಲಿಗೆಯವಳಿಗೆ ಅನಿಸಿತ್ತಂತೆ. ಐದನೆಯ ವಾರ, ಸೊಸೆಯ ಕಥೆಯ ನಡುವೆಯೇ, ಇವಳು ಕಿಟಕಿಯ ವಿಷಯ ಹೇಳಿಬಿಟ್ಟಳು. “ಅವರು ಏನೂ ಬರ್ಕೊಳ್ಳಲಿಲ್ಲ. ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. ಮೂರನೇ ದಿನ, ಮಂಗಳವಾರಾನೂ ಅಲ್ಲ, ಒಬ್ಬನ್ನ ಕರ್ಕೊಂಡು ಬಂದು ಕಿಟಕಿಗೆ ಸರಳು ಹಾಕಿಸಿದ್ರು. ಆಮೇಲೆ ಡಾಕ್ಟರ ಹತ್ರ ಕರ್ಕೊಂಡ್ ಹೋಗಿ ನನ್ನ ಜೊತೆ ಸಾಲಲ್ಲಿ ನಿಂತ್ರು. ಅಲ್ಲೂ ಸೊಸೆ ವಿಷಯಾನೇ.”

ಅವಳು ಕಿಟಕಿಯತ್ತ ನೋಡಿದಳು. ಆರು ಸರಳು. ಅವಕ್ಕೆ ಬಳಿದ ಬಣ್ಣ ಬೇರೆ, ಚೌಕಟ್ಟಿನ ಬಣ್ಣ ಬೇರೆ.

“ಹಾಗಾದ್ರೆ ಈಗ...” ಎಂದು ಶುರುಮಾಡಿ ನಿಲ್ಲಿಸಿದಳು. ಪೆನ್ನು ಚೌಕದ ಮೇಲೆ ಹಾಗೇ ಇತ್ತು.

“ಈಗಲೂ ಅನ್ಸುತ್ತೆ ಮೇಡಂ. ಹೋದ ವಾರವೂ ಅನ್ನಿಸ್ತು. ಯಾರಿಗೆ ಅನ್ಸಲ್ಲ? ಆದ್ರೆ ಈಗ ಹೇಳೋಕಾಗುತ್ತೆ. ಆಗ ಹೇಳೋಕೂ ಆಗ್ತಿರಲಿಲ್ಲ.” ನೂಲು ಕಿತ್ತ ತೋಳನ್ನು ರಾಶಿಯ ಮೇಲಿಟ್ಟಳು. “ಆವತ್ತು ನಾನು ಅತ್ತಿದ್ದು ಅದಕ್ಕಲ್ಲ. ಅಕ್ಕ ಬರೋದನ್ನ ನಿಲ್ಲಿಸ್ತಾರಂತೆ ಅಂತ ಎಲ್ಲ ಕಡೆ ಮಾತು. ಹೌದು ಅಂತ ಬರೆಸಿದ್ರೆ ನಿಲ್ಲಿಸ್ತಾರೋ, ಇಲ್ಲ ಅಂತ ಬರೆಸಿದ್ರೆ ನಿಲ್ಲಿಸ್ತಾರೋ ಗೊತ್ತಾಗದೆ ಅಳು ಬಂದ್ಬಿಡ್ತು. ನೀವು ದೊಡ್ಡೋರು, ನೀವೇ ಹೇಳಿ. ಯಾವುದು ಬರೆದ್ರೆ ಅಕ್ಕ ಬರ್ತಾರೆ?”

ವಾಪಸ್ಸು ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತಾನು ಹೊಲಿಗೆಯವಳಿಗೆ ಏನು ಹೇಳಿದೆ ಎಂಬುದನ್ನು ನೆನಪು ಮಾಡಿಕೊಳ್ಳಲು ನೋಡಿದಳು. ‘ನಿಮಗೆ ಏನು ನಿಜ ಅನ್ಸುತ್ತೋ ಅದನ್ನೇ ಹೇಳಿ’ ಎಂದಿರಬೇಕು. ತರಬೇತಿಯಲ್ಲಿ ಹುಡುಗಿಯರಿಗೆ ಕಲಿಸಿಕೊಟ್ಟ ಮಾತೇ. ಅದನ್ನು ಕೇಳಿದ್ದೇ, ಅಷ್ಟು ಹೊತ್ತು ಬಿಚ್ಚಿಕೊಂಡಿದ್ದ ಹೊಲಿಗೆಯವಳ ಮುಖ ಮತ್ತೆ ಮಡಿಸಿಕೊಂಡಿತು. ಅದು ಮಡಿಸಿಕೊಳ್ಳುವುದನ್ನು ಅವಳು ಕಣ್ಣಾರೆ ಕಂಡಳು. ಅಂಥ ಮುಖ ಅವಳಿಗೆ ಹೊಸದಲ್ಲ. ಹತ್ತು ವರ್ಷದವಳಿದ್ದಾಗ ಅಮ್ಮನ ಕೂದಲು ಬಾಚಿದ್ದು ಅವಳೇ. ವಾರಗಟ್ಟಲೆ ಗೋಡೆಯ ಕಡೆ ಮುಖಮಾಡಿ ಮಲಗಿದ್ದ ಅಮ್ಮನನ್ನು, ಶಾಲೆಯಿಂದ ಯಾರೋ ಬರುತ್ತಾರಂತೆ ಎಂದು ಪಕ್ಕದ ಮನೆಯವರು ಹೇಳಿದ ಬೆಳಗ್ಗೆ, ತಾನೂ ತಂಗಿಯೂ ಸೇರಿ ಎಬ್ಬಿಸಿ, ಕುರ್ಚಿಯ ಮೇಲೆ ಕೂರಿಸಿ, ಕೈಗೆ ಚಾಕು ಕೊಟ್ಟು ಮುಂದೆ ನಾಲ್ಕು ತರಕಾರಿ ಇಟ್ಟಿದ್ದರು. ಬಂದವರು ಒಬ್ಬ ಹೆಂಗಸು, ಕೈಯಲ್ಲಿ ಉದ್ದನೆಯ ರಿಜಿಸ್ಟರು, ಕಾಲಲ್ಲಿ ಒದ್ದೆ ಚಪ್ಪಲಿ. ‘ಅಮ್ಮ ದಿನಾ ಅಡುಗೆ ಮಾಡ್ತಾರಾ ಪುಟ್ಟಿ?’ ‘ಹೂಂ, ದಿನಾ.’ ‘ಸ್ಕೂಲಿಗೆ ಯಾಕೆ ಬರಲಿಲ್ಲ?’ ‘ಜ್ವರ.’ ‘ಇಬ್ಬರಿಗೂ?’ ‘ಇಬ್ಬರಿಗೂ.’ ತಂಗಿ ಬಾಯಿ ತೆರೆದಳು, ‘ಅಕ್ಕಾನೇ ಅಡುಗೆ...’ ಎಂದಳು. ಅಷ್ಟರಲ್ಲಿ ಇವಳು ಅವಳ ತೊಡೆಯನ್ನು ಹಿಂದಿನಿಂದ ಹಿಡಿದು ತಿರುಚಿದ್ದಳು. ತಂಗಿ ಅಳಲಿಲ್ಲ, ನೀರು ತುಂಬಿದ ಕಣ್ಣುಗಳನ್ನು ಅಗಲ ಮಾಡಿಕೊಂಡು ನಿಂತಳು. ರಿಜಿಸ್ಟರಿನವರು ಅವಳನ್ನು ನೋಡಿದರು, ಇವಳನ್ನು ನೋಡಿದರು, ಚಾಕು ಹಿಡಿದು ಮಿಸುಕದೆ ಕೂತಿದ್ದ ಅಮ್ಮನನ್ನು ನೋಡಿದರು. ಮನೆ ಎಷ್ಟು ಚೊಕ್ಕಟವಾಗಿಟ್ಟಿದೀರಿ ಎಂದು ಹೊಗಳಿ, ಏನೋ ಬರೆದುಕೊಂಡು, ಹೊರಟುಹೋದರು. ಬಾಗಿಲು ಹಾಕಿದ ಮೇಲೆ ಅವಳಿಗೆ ಯುದ್ಧ ಗೆದ್ದಷ್ಟು ಖುಷಿಯಾಗಿತ್ತು.

ಅಮ್ಮ ಆಮೇಲೆ ಎದ್ದಳು. ತಾನಾಗಿಯೇ ಎದ್ದಳು, ಒಂದೂವರೆ ವರ್ಷದ ನಂತರ. ಪೂರ್ತಿ ಎದ್ದಳೆಂದು ಹೇಳುವ ಹಾಗಿಲ್ಲ. ಆ ಹೆಂಗಸು ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ, ತಂಗಿ ಮಾತು ಮುಗಿಸಿದ್ದರೆ, ಆ ಒಂದೂವರೆ ವರ್ಷ ಬೇರೆ ರೀತಿ ಇರುತ್ತಿತ್ತೋ ಏನೋ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವಿಚಾರಗೋಷ್ಠಿಯಲ್ಲಿ ಅವಳು ಈ ಕಥೆ ಹೇಳಿದ್ದಳು. ಈ ಕ್ಷೇತ್ರಕ್ಕೆ ಏಕೆ ಬಂದಿರಿ ಎಂದು ಯಾರೋ ಕೇಳಿದ್ದರು. ಗೋಡೆಯ ಕಡೆ ಮುಖ, ಚಾಕು, ತರಕಾರಿ ಎಲ್ಲ ಹೇಳಿದಳು. ತೊಡೆ ತಿರುಚಿದ್ದನ್ನು ಹೇಳಲಿಲ್ಲ. ಸಭೆ ಚಪ್ಪಾಳೆ ತಟ್ಟಿತ್ತು. ಕೇಳಲು ಬಂದವರಿಗೆ ಜನ ಏನು ಹೇಳುತ್ತಾರೆಂದು ಆ ಸಭೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೇ. ಹಾಗಿದ್ದೂ ಮೂವತ್ತು ವರ್ಷದ ನಂತರ ಅದೇ ರಿಜಿಸ್ಟರನ್ನು ಹುಡುಗಿಯರ ಕೈಗೆ ಕೊಟ್ಟು ಆರುನೂರ ನಲವತ್ತು ಬಾಗಿಲುಗಳಿಗೆ ಕಳಿಸಿದ್ದಳು. ‘ತಮಗೆ’, ‘ಎಂದಾದರೂ’, ‘ಅನ್ನಿಸಿದ್ದುಂಟೇ’. ಬಸ್ಸು ಒಂದು ಗುಂಡಿಗಿಳಿದು ಎದ್ದಾಗ ಹಣೆ ಗಾಜಿಗೆ ತಗುಲಿತು. ಪಕ್ಕದಲ್ಲಿ ಕೂತ ಮುದುಕಿ, “ನಿದ್ದೆ ಬಂತೇನಮ್ಮಾ?” ಎಂದಳು.

ಇನ್ನೂ ಒಂದು ಇತ್ತು. ಅದನ್ನು ನೆನೆದುಕೊಳ್ಳದಿರಲು ಅವಳು ಕೆಲವು ವಾರಗಳಿಂದ ಒದ್ದಾಡುತ್ತಿದ್ದಳು. ವರದಿಯ ಅನುಬಂಧದ ನಾಲ್ಕನೆಯ ಪಟ್ಟಿ. ಅದು ಯಾರನ್ನೂ ಕೇಳಿ ಮಾಡಿದ್ದಲ್ಲ; ಶಾಲೆಗಳ ಹಾಜರಿಯಿಂದ, ಚಿಕಿತ್ಸಾಲಯಗಳ ಚೀಟಿಗಳಿಂದ ಎತ್ತಿ ಬರೆದದ್ದು. ಸಹಾಯಕಿ ಹೋದ ಮನೆಗಳ ಮಕ್ಕಳು ಶಾಲೆ ತಪ್ಪಿಸಿದ್ದು ಕಡಿಮೆ. ಆ ತಾಯಂದಿರು ವೈದ್ಯರ ಬಳಿ ಹೋದದ್ದು ಬೇಗ. ಇದು ಇಪ್ಪತ್ತೇಳಕ್ಕೆ ಹೊಂದುತ್ತಿರಲಿಲ್ಲ. ಕುಸಿದವರ ಮಕ್ಕಳು ಶಾಲೆಗೆ ಹೆಚ್ಚು ಹೋಗುತ್ತಾರೆಯೇ? ಹೊಂದದ್ದು ಕಂಡಾಗ ಯಾವುದು ತಪ್ಪು ಎಂದು ಹುಡುಕಬೇಕಿತ್ತು. ಅವಳು ತನ್ನ ಪ್ರಶ್ನೆಯ ಮೇಲಿನ ಮೋಹಕ್ಕೆ ನಾಲ್ಕನೆಯ ಪಟ್ಟಿಯನ್ನು ಹಿಂದಕ್ಕೆ, ಯಾರೂ ತಿರುವದ ಪುಟಗಳಿಗೆ ತಳ್ಳಿದಳು. ಯಾರೂ ಹೇಳಿ ಮಾಡಿಸಿದ್ದಲ್ಲ.

ಇಲಾಖೆಯ ಸಭಾಕೋಣೆಯಲ್ಲಿ ಮೇಜು ಅಗತ್ಯಕ್ಕಿಂತ ಉದ್ದವಾಗಿತ್ತು. ಒಂದು ತುದಿಯಲ್ಲಿ ಕಾರ್ಯದರ್ಶಿ ಕೂತಿದ್ದರು, ಐವತ್ತು ದಾಟಿದ ಹೆಂಗಸು, ಜೋರು ನೆಗಡಿ, ಎದುರಿಗೆ ಕಾಗದದ ಕರವಸ್ತ್ರದ ಪೆಟ್ಟಿಗೆ. ನಿರ್ದೇಶಕರು ಯಾವಾಗಿನಂತೆ ಮೆಲುದನಿಯಲ್ಲಿ ಸಂಸ್ಥೆಯ ಪರಂಪರೆಯ ಬಗ್ಗೆ ನಾಲ್ಕು ಮಾತಾಡಿ ಅವಳತ್ತ ಕೈ ತೋರಿಸಿದರು. ಅವಳು ಎದ್ದಳು. ಪರದೆಯ ಮೇಲೆ ಅವಳ ವಾಕ್ಯ ಮೂಡಿತು, ದಪ್ಪ ಅಕ್ಷರದಲ್ಲಿ. ಅದನ್ನು ಓದಿದಳು. ಓದುವಾಗ ತನ್ನ ದನಿ ಎಷ್ಟು ನಂಬುವಂತಿದೆ ಎಂದು ಅವಳಿಗೇ ಭಯವಾಯಿತು. ಇಷ್ಟಕ್ಕೇ ಕೂತುಬಿಡಬಹುದು. ಚಹಾ ಬರುತ್ತದೆ. ಇದು ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ.

“ಇದು ತಪ್ಪು,” ಎಂದಳು.

ಕಾರ್ಯದರ್ಶಿ ತಲೆಯೆತ್ತಿದರು. ನಿರ್ದೇಶಕರು ಮೊದಲು ನಕ್ಕರು, ಅಕ್ಷರದೋಷವೇನೋ ಎಂದುಕೊಂಡು.

ಅವಳು ಹೇಳಿದ್ದು ಅಚ್ಚುಕಟ್ಟಾಗಿರಲಿಲ್ಲ. ಮೊದಲ ವರ್ಷ ಎಲ್ಲರೂ ಹೆದರಿ ಇಲ್ಲ ಎಂದಿದ್ದಾರೆ. ಸಹಾಯಕಿ ಹೋದ ಕಡೆ ಹೆದರಿಕೆ ಬಿಟ್ಟಿದೆ, ಅಲ್ಲಿ ನಿಜ ಹೊರಬರುತ್ತಿದೆ. ಹೋಗದ ಕಡೆ ಈಗಲೂ ಹೆದರಿಯೇ ಇಲ್ಲ ಎನ್ನುತ್ತಿದ್ದಾರೆ. ನಾವು ಕುಸಿತ ಎಂದು ಎಣಿಸಿದ್ದು ಕುಸಿತವಲ್ಲ. ನಾಲ್ಕನೆಯ ಪಟ್ಟಿ ನೋಡಿ, ನಾನೇ ಅದನ್ನು ಹಿಂದೆ ಹಾಕಿದ್ದೆ. ಬೆಳಗ್ಗೆ ಒಂದು ಮನೆಗೆ ಹೋಗಿದ್ದೆ ಎಂದು ಶುರುಮಾಡಿ, ಹೊಲಿಗೆಯವಳ ಕಿಟಕಿಯ ವಿಷಯ ಹೇಳಲು ಹೊರಟು, ಅದು ತನ್ನನ್ನು ನಂಬಿ ಹೇಳಿದ ಮಾತು ಎಂದು ಅರಿವಾಗಿ ಅರ್ಧಕ್ಕೇ ನುಂಗಿಕೊಂಡಳು. ಅದರಿಂದ ಮಾತು ಇನ್ನಷ್ಟು ಕುಂಟಿತು.

“ನೋಡಿ,” ಎಂದರು ನಿರ್ದೇಶಕರು ಕಾರ್ಯದರ್ಶಿಯತ್ತ ಬಾಗಿ, “ಮೇಡಂ ಬೆಳಗ್ಗೆ ಯಾವುದೋ ಒಂದು ಮನೆಗೆ ಹೋಗಿದ್ರಂತೆ. ಒಂದು ಮನೆ ಕಣ್ಣೀರು ಹಿಡ್ಕೊಂಡು ಮೂರು ವರ್ಷದ ಕೆಲಸ ಅಳೆಯೋಕಾಗಲ್ಲ. ಸ್ವಲ್ಪ ಸುಸ್ತಾಗಿದಾರೆ.”

“ಸುಸ್ತಾಗಿರೋದು ನಿಜ ಸರ್,” ಎಂದಳು ಅವಳು. “ಆದ್ರೆ ನಾಲ್ಕನೇ ಪಟ್ಟಿ ಒಂದು ಮನೇದಲ್ಲ. ಎಲ್ಲಾ ಮನೇದು.”

ಕಾರ್ಯದರ್ಶಿ ಮೂಗೊರೆಸಿಕೊಂಡು ವರದಿಯನ್ನು ಹಿಂದಿನಿಂದ ತಿರುವಿದರು. ಪಟ್ಟಿ ಸಿಗಲು ಹೊತ್ತು ಹಿಡಿಯಿತು. ಬೆರಳಿಟ್ಟು ಒಂದೊಂದು ಸಾಲನ್ನೂ ಓದಿದರು. “ಅಂದ್ರೆ ನೀವು ಮೂರು ವರ್ಷ ಎಣಿಸಿದ್ದೆಲ್ಲ ತಪ್ಪು ಅಂತೀರಾ?”

“ಎಣಿಸಿದ್ದು ಸರಿ ಇದೆ. ಕೇಳಿದ್ದು ತಪ್ಪಾಯ್ತು.”

“ಆ ಪ್ರಶ್ನೆ ಬರೆದೋರು ಯಾರು?”

“ನಾನು.”

ಈ ಸಲ ಅದು ಸುಲಭವಾಗಿ ಬಂತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಮೇಜಿನ ಆಚೆ ಕೂತಿದ್ದ ಇಬ್ಬರು ಕಿರಿಯ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಅವಳ ಹಳೆಯ ವಿದ್ಯಾರ್ಥಿ. ಅವನು ತಲೆ ತಗ್ಗಿಸಿ ತನ್ನ ಪೆನ್ನಿನ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ.

“ನನಗೆ ಹತ್ತನೇ ತಾರೀಖಿನೊಳಗೆ ಹೌದು ಅಥವಾ ಇಲ್ಲ ಬೇಕು,” ಎಂದರು ಕಾರ್ಯದರ್ಶಿ. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. “ಇಂಥಾ ಮಧ್ಯದ್ದನ್ನ ತಂದುಕೊಟ್ರೆ ಮೇಲಿನವರಿಗೆ ಏನು ಹೇಳಲಿ? ನಿಲ್ಲಿಸಿ ಅಂತ ಹೇಳೋಕೆ ಈಗ ನನ್ನ ಕೈಲಿ ಆಧಾರ ಇಲ್ಲ. ಮುಂದುವರಿಸಿ ಅಂತ ಹೇಳೋಕೂ ಇದು ಸಾಲದು.” ಸೀನಿದರು. “ಇವತ್ತು ಹೇಳಿದ್ರಲ್ಲ, ಮೊದಲೇ ಗೊತ್ತಿರಲಿಲ್ವಾ ನಿಮಗೆ?”

ಗೊತ್ತಿತ್ತು ಎನ್ನುವುದೂ ನಿಜ, ಇರಲಿಲ್ಲ ಎನ್ನುವುದೂ ನಿಜ.

ಕೊನೆಗೆ ಆದದ್ದು ಇಷ್ಟು. ಈಗ ಸಹಾಯಕಿಯರು ಹೋಗುತ್ತಿರುವ ಮನೆಗಳಿಗೆ ಇನ್ನೊಂದು ವರ್ಷ ಭೇಟಿ ನಿಲ್ಲುವುದಿಲ್ಲ. ಹೊಸ ಮನೆಗಳಿಗೆ ಸದ್ಯಕ್ಕಿಲ್ಲ. ವರದಿಯಿಂದ ಅವಳ ವಾಕ್ಯ ಹೋಯಿತು. ಅದರ ಜಾಗಕ್ಕೆ ಬಂದ ಅಡಿಟಿಪ್ಪಣಿಯ ಅಕ್ಷರ ಎಷ್ಟು ಚಿಕ್ಕದೆಂದರೆ ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಬೇಕು. ಮೊದಲ ಪುಟದಲ್ಲಿ ಅವಳ ಹೆಸರು ಎರಡು ಸಾಲು ಕೆಳಗಿಳಿಯಿತು. ಕಾರಿನ ಬಾಗಿಲು ಹಾಕಿಕೊಳ್ಳುವ ಮುನ್ನ ನಿರ್ದೇಶಕರು, “ಸಹಾಯಕಿಯರು ಹೋಗದೇ ಇದ್ದ ಮನೆಗಳಿಗೆಲ್ಲ ಮತ್ತೆ ಹೋಗ್ಬೇಕು ಅಂತ ಒಪ್ಪಿಕೊಂಡು ಬಂದಿದೀವಿ. ಹುಡುಗಿಯರನ್ನ ಕೊಡೋಕಾಗಲ್ಲ. ನೀವೇ ಹೋಗಿ. ಕೇಳೋದು ಹೇಗೆ ಅಂತ ಈಗ ನಿಮಗೇ ಚೆನ್ನಾಗಿ ಗೊತ್ತಲ್ಲ,” ಎಂದರು. ವ್ಯಂಗ್ಯ ಅವರಿಗೆ ಒಗ್ಗುತ್ತಿರಲಿಲ್ಲ. ಹೇಳಿ ತಾವೇ ಪೆಚ್ಚಾದರು. ಮರುದಿನ ಅವಳು ಹೊಲಿಗೆಯವಳಿಗೆ ಫೋನು ಮಾಡಿ, ಒಂದು ವರ್ಷ ಅಕ್ಕ ಬರ್ತಾರೆ ಎಂದು ತಿಳಿಸಿದಳು. “ಒಂದು ವರ್ಷಾನಾ?” ಎಂದಿತು ಆ ಕಡೆಯ ದನಿ. ಹಿಂದೆ ಯಂತ್ರ ಓಡುತ್ತಲೇ ಇತ್ತು. “ಸರಿ ಮೇಡಂ. ಆಮೇಲೆ?” ಆಮೇಲಿನದು ಅವಳಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದಳು. ಹೊಲಿಗೆಯವಳು ಹೂಂ ಎಂದು ಫೋನಿಟ್ಟಳು.

ಹೊಸ ಪ್ರಶ್ನೆಗಳನ್ನು ಬರೆಯಲು ಅವಳು ಹತ್ತು ದಿನ ಕೂತಳು. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ನೋಡುವಳು, ಹರಿದುಹಾಕುವಳು. ಹನ್ನೊಂದನೆಯ ದಿನ ಖಾಲಿ ಹಾಳೆಗಳನ್ನೇ ಚೀಲಕ್ಕೆ ತುರುಕಿಕೊಂಡು, ಭೇಟಿ ಸಿಗದ ಮುನ್ನೂರಿಪ್ಪತ್ತು ಮನೆಗಳ ಪಟ್ಟಿಯಲ್ಲಿ ಮೊದಲನೆಯದಕ್ಕೆ ಹೊರಟಳು. ಅದು ಊರಿನ ಇನ್ನೊಂದು ತುದಿ, ಕಬ್ಬಿಣ ಕೊಯ್ಯುವ ಒಂದು ವರ್ಕ್‌ಶಾಪಿನ ಹಿಂಬದಿ. ಕಿವಿ ಕಿತ್ತುಹೋಗುವ ಸದ್ದು. ಅದು ನಿಂತಾಗ ಅದಕ್ಕಿಂತ ವಿಚಿತ್ರವಾದ ನಿಶ್ಶಬ್ದ. ಬಾಗಿಲು ಅರ್ಧ ತೆರೆದೇ ಇತ್ತು. ತಟ್ಟುವ ಮೊದಲೇ, ಹೆಗಲ ಮೇಲೆ ಕೆಲವೇ ತಿಂಗಳ ಕೂಸನ್ನು ಹಾಕಿಕೊಂಡ ಹೆಂಗಸೊಬ್ಬಳು ಬಂದು ನಿಂತಳು. ಅವಳ ಅಂಗಿಯ ಗುಂಡಿಗಳು ಒಂದು ಕಾಜಾ ತಪ್ಪಿ ಕೂತಿದ್ದವು.

“ಸರ್ವೆಯೋರಾ? ಚೆನ್ನಾಗಿದೀವಿ,” ಎಂದಳು ಬಾಗಿಲಿಗೆ ಅಡ್ಡ ನಿಂತೇ. “ಎಲ್ಲ ಚೆನ್ನಾಗಿದೆ. ಏನೂ ತೊಂದರೆ ಇಲ್ಲ. ಅದನ್ನೇ ಬರ್ಕೊಂಡ್ಬಿಡಿ.”

“ಬರ್ಕೊಳ್ಳೋಕೆ ಬಂದಿಲ್ಲ,” ಎಂದಳು ಅವಳು. ಮತ್ತೆ ಏತಕ್ಕೆ ಬಂದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಒಲೆಯ ಮೇಲೆ ಏನೋ ಸುರ್ರೆಂದು ಉಕ್ಕಿತು. “ಅಯ್ಯೋ ಹಾಲು! ಒಂದ್ನಿಮಿಷ ಹಿಡ್ಕೊಳ್ಳಿ ಇದನ್ನ,” ಎನ್ನುತ್ತ ಹೆಂಗಸು ಕೂಸನ್ನು ಅವಳ ಎದೆಗೆ ಒತ್ತಿ ಒಳಕ್ಕೆ ಓಡಿದಳು.

ಒಲೆ ಆರಿಸಿದ ಸದ್ದು ಕೇಳಿಸಿತು. ಪಾತ್ರೆ ಇಳಿಸಿದ ಸದ್ದು. ಆಮೇಲೆ ಏನೂ ಇಲ್ಲ. ಕೂಸು ಕೆಂಡದ ಹಾಗೆ ಬಿಸಿಯಾಗಿತ್ತು. ಜ್ವರವೇನೋ ಎಂದು ಹಣೆ ಮುಟ್ಟಿದಳು, ಜ್ವರವಲ್ಲ, ಅತ್ತು ಅತ್ತು ಬಿಸಿಯಾದದ್ದು. ಅದರ ಬೆನ್ನು ಪೂರ್ತಿ ಒದ್ದೆ. ಹೊಸ ತೋಳು ಎಂದು ತಿಳಿದು ಅದು ಒಮ್ಮೆ ಸೆಟೆದುಕೊಂಡಿತು, ಅಳಲೋ ಬೇಡವೋ ಎಂದು ಯೋಚಿಸಿತು, ಆಮೇಲೆ ಅವಳ ಕತ್ತಿನ ಸಂದಿಗೆ ಮುಖ ಹುದುಗಿಸಿ ಭಾರವಾಯಿತು. ಅವಳು ಕಾದಳು. ಐದು ನಿಮಿಷವಾಗಿರಬಹುದು. “ಏನಮ್ಮಾ?” ಎಂದಳು ಮೆಲ್ಲಗೆ. ಉತ್ತರವಿಲ್ಲ. ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಒಳಗಿಟ್ಟು ಇಣುಕಿದಳು. ಒಲೆಯ ಪಕ್ಕ, ಚೆಲ್ಲಿದ ಹಾಲಿನಿಂದ ಒಂದು ಗೇಣು ಆಚೆ, ಗೋಡೆಗೆ ಒರಗಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡೇ ಆ ಹೆಂಗಸು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

ಎಬ್ಬಿಸಬೇಕೇ ಎಂದು ಒಂದು ಗಳಿಗೆ ಯೋಚಿಸಿದಳು. ಅಪರಿಚಿತಳ ಕೈಗೆ ಕೂಸು ಕೊಟ್ಟು ಹೀಗೆ ಮಲಗುವುದೆಂದರೇನು! ಚೀಲ ಹೆಗಲಿನಿಂದ ಜಾರಿ ಮೊಣಕೈಗೆ ಬಂದು ಸಿಕ್ಕಿಕೊಂಡಿತ್ತು, ಅದನ್ನು ಇಳಿಸಲು ಬಗ್ಗಿದರೆ ಕೂಸು ಏಳುತ್ತಿತ್ತು. ಹೊರಗೆ ಕಬ್ಬಿಣದ ಸದ್ದು ಮತ್ತೆ ಎದ್ದಿತು. ಒಳಗಿನವಳು ಅದಕ್ಕೂ ಅಲುಗಲಿಲ್ಲ. ಕೂರಲು ಒಂದು ಸ್ಟೂಲಿತ್ತು. ಎಳೆದರೆ ಕಿರುಗುಟ್ಟೀತು ಎಂದು ಅದನ್ನು ಮುಟ್ಟಲಿಲ್ಲ. ತೋಳು ಮರಗಟ್ಟತೊಡಗಿತು. ಗೋಡೆಗೊರಗಿದವಳ ಎದೆ ಏರಿ ಇಳಿಯುವುದನ್ನು ನೋಡುತ್ತ, ಇನ್ನೊಂದು ಹತ್ತು ನಿಮಿಷವಾದರೂ ಆಗಲಿ ಎಂದು, ಅವಳು ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಬದಲಿಸಿದಳು.